ಪೈಸೆ ದಾಟಿಸಿದ ದಿನಗಳು

ಮುಂಬೈ ಷೇರುಪೇಟೆಯ ಕಥೆ ಹೇಳುವವರು ದಲಾಲ್ ಸ್ಟ್ರೀಟಿನಿಂದ ಶುರು ಮಾಡುವುದು ರೂಢಿ. ನನಗೆ ಅದು ಬೈಕುಲ್ಲಾದಿಂದ ಶುರುವಾಗುತ್ತದೆ. 1875ರಲ್ಲಿ ದೇಶೀ ಷೇರು ದಲ್ಲಾಳಿಗಳ ಸಂಘ ಕಟ್ಟಿದವರಲ್ಲಿ ಮುಂಚೂಣಿಯಲ್ಲಿದ್ದ ಪ್ರೇಮ್‌ಚಂದ್ ರಾಯ್‌ಚಂದ್ ವಾಸವಿದ್ದದ್ದು ಬೈಕುಲ್ಲಾದ ಪ್ರೇಮೋದ್ಯಾನ ಎಂಬ ಬಂಗಲೆಯಲ್ಲಿ. ಅಮೆರಿಕದ ಅಂತರ್ಯುದ್ಧದ ಕಾಲದ ಹತ್ತಿ ವ್ಯಾಪಾರದಲ್ಲಿ ಏರಿ, 1865ರ ಕುಸಿತದಲ್ಲಿ ನೆಲಕಚ್ಚಿ, ಮತ್ತೆ ಎದ್ದು ನಿಂತ ಮನುಷ್ಯ ಅವರು. ಅವರು ಕಾಲವಾದ ಎಷ್ಟೋ ವರ್ಷಗಳ ಮೇಲೆ, ಅದೇ ಬೈಕುಲ್ಲಾದ ಹಳೆಯ ಇಂಡಸ್ಟ್ರಿಯಲ್ ಎಸ್ಟೇಟ್ ಒಂದರ ಗಾಳಾ ಎಂಬ ಮಳಿಗೆಯಲ್ಲಿ ಕೂತು ಷೇರು ದಲ್ಲಾಳಿಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆಯುವ ಕೆಲಸ ನನಗೆ ಸಿಕ್ಕಿತು.

ಹುಬ್ಬಳ್ಳಿಯಿಂದ ಬಂದು ಡೊಂಬಿವಲಿಯಲ್ಲಿ ಮನೆ ಮಾಡಿದ್ದೆ. ಬೈಕುಲ್ಲಾದಲ್ಲಿ ಲೋಕಲ್ ಇಳಿದರೆ ಮೊದಲು ಮೂಗಿಗೆ ಬಡಿಯುವುದು ತರಕಾರಿ ಮಂಡಿಯ ಕೊತ್ತಂಬರಿ. ನಮ್ಮ ಗಾಳಾದ ಕೆಳಗೆ ಒಂದು ಆಫ್‌ಸೆಟ್ ಪ್ರೆಸ್ ಇತ್ತು. ಅದು ಓಡುವಾಗ ಮೇಲೆ ನಮ್ಮ ಮೇಜುಗಳು ಅದುರುತ್ತಿದ್ದವು. ಮಧ್ಯಾಹ್ನದ ಡಬ್ಬಿ ಮುಗಿಸಿ ರಾಣಿಬಾಗ್ ಉದ್ಯಾನದ ಕಡೆ ಒಂದು ಸುತ್ತು ಹೋಗಿ ಬರುವುದು, ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಹೊರಗೆ ನಿಂತಿರುವ, ಘಾರಾಪುರಿಯಿಂದ ತಂದ ಕಲ್ಲಾನೆಯ ನೆರಳಿನಲ್ಲಿ ಐದು ನಿಮಿಷ ನಿಲ್ಲುವುದು ಅಭ್ಯಾಸವಾಗಿತ್ತು.

ನಮ್ಮ ಸಾಫ್ಟ್‌ವೇರಿನ ಒಡಲು ಸಿ++. ನಾವದನ್ನು ಎಂಜಿನ್ ಎನ್ನುತ್ತಿದ್ದೆವು. ಎಕ್ಸ್‌ಚೇಂಜಿನಿಂದ ಧಾರಾಕಾರವಾಗಿ ಬರುವ ಬೆಲೆಗಳನ್ನು ಓದಿ, ಗಿರಾಕಿಗಳ ಖರೀದಿ-ಮಾರಾಟ ಜೋಡಿಸಿ, ಮಾರ್ಜಿನ್ ಲೆಕ್ಕ ಹಾಕಿ, ರಾತ್ರಿ ಕಾಂಟ್ರಾಕ್ಟ್ ನೋಟ್ ತಯಾರು ಮಾಡುವವರೆಗೆ ಎಲ್ಲವೂ ಅದರ ಹೊಟ್ಟೆಯಲ್ಲಿ. ಆದರೆ ಈ ದಂಧೆಯಲ್ಲಿ ನಿಯಮ ನಿಲ್ಲುವುದಿಲ್ಲ. 2003ರ ಏಪ್ರಿಲ್‌ನಲ್ಲಿ ಸೆಟಲ್‌ಮೆಂಟ್ ಟಿ+2, ಅಂದರೆ ವಹಿವಾಟಾಗಿ ಎರಡು ಕೆಲಸದ ದಿನಕ್ಕೆ, ಆಯಿತು. 2004ರ ಅಕ್ಟೋಬರ್ 1ರಿಂದ ಷೇರು ವಹಿವಾಟಿನ ಮೇಲೆ ಎಸ್‌ಟಿಟಿ ಎಂಬ ತೆರಿಗೆ ಬಂತು. ಅದರ ದರ ಮತ್ತೆ ಮತ್ತೆ ಬದಲಾಯಿತು. ಪೇಟೆಯ ನಿಯಂತ್ರಕ ಸೆಬಿಯ ಸರ್ಕ್ಯುಲರ್ ಶುಕ್ರವಾರ ಸಂಜೆ ಬಂದರೆ ಸೋಮವಾರ ಬೆಳಿಗ್ಗೆ ಜಾರಿ. ಪ್ರತಿ ಸರ್ಕ್ಯುಲರಿಗೂ ಎಂಜಿನ್ ಬಿಚ್ಚಿ, ಮತ್ತೆ ಕಂಪೈಲ್ ಮಾಡಿ, ಪ್ರತಿ ಬ್ರೋಕರಿನ ಆಫೀಸಿಗೂ ಹೊಸ ಫೈಲ್ ಒಯ್ಯುವುದು ಆಗದ ಮಾತು. ಅದಕ್ಕೇ ನಿಯಮಗಳನ್ನೆಲ್ಲ ಪೈಥಾನ್ ಸ್ಕ್ರಿಪ್ಟಿಗೆ ಬಿಟ್ಟಿದ್ದರು. ಎಂಜಿನ್ ಲೆಕ್ಕ ಮಾಡುತ್ತದೆ, ಸ್ಕ್ರಿಪ್ಟ್ ತೀರ್ಮಾನ ಮಾಡುತ್ತದೆ. ನನ್ನನ್ನು ನೇಮಿಸಿಕೊಂಡದ್ದು ಈ ಎರಡರ ನಡುವಿನ ಗಡಿ ನೋಡಿಕೊಳ್ಳಲು.

ಗಡಿ ಅನ್ನುವುದು ಸುಮ್ಮನೆ ಅಲ್ಲ. ಸಿ++ನಲ್ಲಿ ಒಂದು ಬೆಲೆ ಎಂದರೆ ಮೆಮೊರಿಯಲ್ಲಿ ಇಷ್ಟು ಬೈಟು. ಅದು ಬೆಲೆ ಎಂಬ ಅರಿವು ಕಂಪೈಲರಿಗೆ ಮಾತ್ರ. ಪ್ರೋಗ್ರಾಂ ಓಡುವ ಹೊತ್ತಿಗೆ ಆ ಹೆಸರು ಅಳಿಸಿಹೋಗಿ ಬರೀ ಬೈಟು ಉಳಿದಿರುತ್ತದೆ. ಪೈಥಾನಿನಲ್ಲಿ ಇದಕ್ಕೆ ತಿರುಗಾಮುರುಗಾ: ಪ್ರತಿ ವಸ್ತುವೂ ತಾನು ಯಾವ ಜಾತಿಯದು ಎಂಬ ಗುರುತನ್ನೂ, ತನ್ನನ್ನು ಎಷ್ಟು ಮಂದಿ ಹಿಡಿದಿದ್ದಾರೆ ಎಂಬ ಎಣಿಕೆಯನ್ನೂ ಮೈಮೇಲೆ ಹೊತ್ತುಕೊಂಡೇ ಓಡಾಡುತ್ತದೆ. ಪೂರ್ಣಾಂಕ, ದಶಮಾಂಶ, ಅಕ್ಷರಗಳ ಸಾಲು ಇಂಥ ಸಾಮಾನ್ಯ ಸರಕು ದಾಟಿಸಲು ಸಿದ್ಧ ವ್ಯವಸ್ಥೆ ಉಂಟು. ನಮ್ಮದೇ ಟೈಪುಗಳನ್ನು ದಾಟಿಸುವ ವಿಧಾನ ಮಾತ್ರ ನಾವೇ ಬರೆಯಬೇಕು. ಆ ಕಾಲದ ಮುಂಬೈಯವರಿಗೆ ಮುಲುಂಡ್, ದಹಿಸರಿನ ಜಕಾತಿ ನಾಕಾ ಗೊತ್ತು. ಲಾರಿಯಲ್ಲಿ ಏನಿದೆ, ಎಷ್ಟಿದೆ, ಯಾರದು ಎಂದು ಬರೆಸದೆ ಒಳಗೆ ಬಿಡುತ್ತಿರಲಿಲ್ಲ. ಟೈಪುಗಳನ್ನು ದಾಟಿಸುವ ಕನ್ವರ್ಟರಿನ ಕೆಲಸವೂ ಅದೇ.

ನಾನು ಸೇರಿದಾಗ ಈ ಗಡಿ ಕಾಯುತ್ತಿದ್ದದ್ದು ಸ್ವಿಗ್ ಎಂಬ ಸಲಕರಣೆ. ಡೇವಿಡ್ ಬೀಜ್ಲಿ ಎಂಬವರು 1995ರಲ್ಲಿ ಅಮೆರಿಕದ ಲಾಸ್ ಅಲಾಮೊಸ್ ಪ್ರಯೋಗಾಲಯದಲ್ಲಿ ಶುರು ಮಾಡಿದ್ದು. ಸಿಮ್ಯುಲೇಷನ್ ಪ್ರೋಗ್ರಾಮುಗಳನ್ನು ವಿಜ್ಞಾನಿಗಳು ಸ್ಕ್ರಿಪ್ಟಿನಿಂದ ನಡೆಸಲಿ ಎಂಬುದು ಅವರ ಉದ್ದೇಶ. ಒಳ್ಳೆಯ ಸಲಕರಣೆ, ಅದರ ಮೇಲೆ ನನಗೆ ತಕರಾರಿಲ್ಲ. ಆದರೆ ನಮ್ಮಲ್ಲಿ ಅದರ ಟೈಪ್‌ಮ್ಯಾಪುಗಳನ್ನು, ಅಂದರೆ ದಾಟಿಸುವ ನಿಯಮಗಳನ್ನು, ಬರೆದವರು ಬೆಲೆಯನ್ನು ಸೀದಾ ಪೈಥಾನಿನ ಫ್ಲೋಟ್ ಎಂಬ ದಶಮಾಂಶ ಸಂಖ್ಯೆ ಮಾಡಿ ಕಳಿಸುತ್ತಿದ್ದರು. ಎಂಜಿನ್ನಿನ ಒಳಗೆ ಬೆಲೆ ಇದ್ದದ್ದು ಪೈಸೆಯ ಪೂರ್ಣಾಂಕವಾಗಿ. ಎಕ್ಸ್‌ಚೇಂಜ್ ಕೂಡ ಷೇರಿನ ಬೆಲೆಯನ್ನು ಹಾಗೆಯೇ ಕಳಿಸುತ್ತದೆ. 172 ರೂಪಾಯಿ 35 ಪೈಸೆ ಎಂದರೆ 17235. ಗಡಿಯಲ್ಲಿ ಅದನ್ನು ನೂರರಿಂದ ಭಾಗಿಸಿ ಫ್ಲೋಟ್ ಮಾಡಿದರೆ ನೋಡುವುದಕ್ಕೆ ಸರಿಯಾಗಿಯೇ ಕಾಣುತ್ತದೆ.

ಅದು ಸರಿಯಿಲ್ಲ ಎಂದು ಮೊದಲು ಹಿಡಿದವರು ಪ್ರೋಗ್ರಾಮರ್ ಅಲ್ಲ. ನಮ್ಮ ಗಿರಾಕಿ ಬ್ರೋಕರ್ ಒಬ್ಬರ ಬ್ಯಾಕ್ ಆಫೀಸಿನಲ್ಲಿ ಕಾರ್ಕಳದ ಕಡೆಯ ಹಿರಿಯರೊಬ್ಬರಿದ್ದರು. ಹಗಲು ಹೋಟೆಲಿನಲ್ಲಿ ದುಡಿದು, ಮುಂಬೈ ಕೋಟೆಯ (ಫೋರ್ಟ್) ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಗುಮಾಸ್ತರಾಗಿ ಮೇಲೆ ಬಂದ ತಲೆಮಾರಿನವರು. ಷೇರಿನ ಕಾಗದಗಳನ್ನು ಚೀಲದಲ್ಲಿ ಹೊತ್ತು ಓಡಾಡಿದ ಕಾಲದಿಂದ ಡಿಮ್ಯಾಟ್ ತನಕ ಎಲ್ಲವನ್ನೂ ಕಂಡವರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಬಿಲ್ಲು ಟ್ಯಾಲಿ ಆಗದೆ ಅವರು ಮನೆಗೆ ಹೋಗುವವರಲ್ಲ. ನಮ್ಮ ಸಾಫ್ಟ್‌ವೇರ್ ಹೇಳುವ ಲೆಕ್ಕವನ್ನು ತಾವೇ ಪರೀಕ್ಷೆ ಮಾಡಬೇಕೆಂದು ಹಟ ಹಿಡಿದು, ಐವತ್ತು ದಾಟಿದ ವಯಸ್ಸಿನಲ್ಲಿ ನನ್ನಿಂದ ಪೈಥಾನ್ ಕಲಿಯುತ್ತಿದ್ದರು. ಶನಿವಾರ ಗಾಳಾಕ್ಕೆ ಬಂದು ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

ಆಗ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ (ಎನ್‌ಎಸ್‌ಇ) ಷೇರಿನ ಬೆಲೆ ಏರುವುದೂ ಇಳಿಯುವುದೂ ಐದೈದು ಪೈಸೆಯ ಮೆಟ್ಟಿಲಲ್ಲಿ. ಅಣ್ಣ ಎಂಜಿನ್ನನ್ನು ಆ ಮೆಟ್ಟಿಲು ಎಷ್ಟು ಎಂದು ಕೇಳಿದರು. ಪರದೆಯ ಮೇಲೆ ಬಂದ ಉತ್ತರ 0.050000000000000003.

"ಎಂಥದು ಮಾರಾಯ್ತಿ ಇದು? ಐದು ಪೈಸೆ ಕೇಳಿದ್ರೆ ಬಾಲ ಹಿಡ್ಕೊಂಡು ಬಂತಲ್ಲ!"

"ಅಣ್ಣಾರ, ಕಂಪ್ಯೂಟರಿಗೆ ಐದು ಪೈಸೆ ಪೂರಾ ಹಿಡಿಯಂಗಿಲ್ಲ. ಎರಡರ ಲೆಕ್ಕದಾಗ ಅದು ಮುಗಿಯದ ಸಂಖ್ಯೆ."

"ಹಾಗಾದ್ರೆ ನಿನ್ನ ಎಂಜಿನ್ನಿಗೆ ಹೇಗೆ ಹಿಡೀತದೆ?"

ಈ ಪ್ರಶ್ನೆಯೇ ಮುಂದಿನ ನನ್ನ ಕೆಲಸವನ್ನೆಲ್ಲ ನಿರ್ಧರಿಸಿತು. ಎಂಜಿನ್ನಿಗೆ ಹಿಡಿಯುತ್ತಿತ್ತು, ಯಾಕೆಂದರೆ ಅದು ಪೈಸೆಯನ್ನು ಪೂರ್ಣಾಂಕವಾಗಿ ಎಣಿಸುತ್ತಿತ್ತು. ಗಡಿ ದಾಟುವಾಗ ನಾವೇ ಅದರ ಕೈಯಿಂದ ಆ ನಿಖರತೆಯನ್ನು ಕಿತ್ತುಕೊಂಡು ಕಳಿಸುತ್ತಿದ್ದೆವು. ಮೂರು ಸಲ 0.05 ಕೂಡಿಸಿದರೆ ಪೈಥಾನಿನ ಫ್ಲೋಟ್ 0.15000000000000002 ಎನ್ನುತ್ತದೆ, ಅದನ್ನು 0.15ಕ್ಕೆ ಹೋಲಿಸಿದರೆ ಸಮವಲ್ಲ ಎನ್ನುತ್ತದೆ. ಆಗಿನ ಪೈಥಾನ್ 2.5, 2.6ರಲ್ಲಿ ಫ್ಲೋಟಿನ ಹದಿನೇಳೂ ಅಂಕಿ ಪರದೆಗೆ ಬರುತ್ತಿದ್ದವು, ಅದಕ್ಕೇ ಅಣ್ಣನಿಗೆ ಬಾಲ ಕಂಡಿತು. 2.7ರ ಹೊತ್ತಿಗೆ ಚಿಕ್ಕದಾಗಿ 0.05 ಎಂದು ತೋರಿಸುವ ಪದ್ಧತಿ ಬಂತು. ನೋಡಲು ಚೆಂದ. ಆದರೆ ಒಳಗಿನ ಸಂಖ್ಯೆ ಅದೇ ಹಳೆಯದು. ಆ ಬಾಲ ಕಣ್ಣಿಗೆ ಬೀಳುತ್ತಿದ್ದ ಕಾಲದಲ್ಲಿ ಈ ಕೆಲಸ ನನ್ನ ಕೈಗೆ ಬಂದದ್ದು ಅದೃಷ್ಟವೆಂದೇ ಈಗಲೂ ಅಂದುಕೊಳ್ಳುತ್ತೇನೆ.

ಫ್ಲೋಟ್ ಬೇಡವೆಂದಾದ ಮೇಲೆ ಎರಡು ದಾರಿ ಇದ್ದವು. ಒಂದು, ಬೆಲೆಯನ್ನು ಪೈಥಾನಿನ ಡೆಸಿಮಲ್ ಮಾಡಿ ಕಳಿಸುವುದು. 2004ರ ಪೈಥಾನ್ 2.4ರಿಂದ ಅದು ಭಾಷೆಯ ಜೊತೆಗೇ ಬರುತ್ತಿತ್ತು, ಹತ್ತರ ಲೆಕ್ಕದಲ್ಲಿ ನಿಖರ. ಆದರೆ ಅದನ್ನು ಆಗ ಪೈಥಾನಿನಲ್ಲೇ ಬರೆದಿದ್ದರು, ಬಹಳ ನಿಧಾನ. ಸಿ ಭಾಷೆಯ ವೇಗದ ಡೆಸಿಮಲ್ ಪೈಥಾನಿನೊಳಗೆ ಸೇರಿದ್ದು 2012ರ 3.3ರಲ್ಲಿ. ಇನ್ನೊಂದು ದಾರಿ, ಬೆಲೆಯನ್ನು ಬೇರೆ ಏನನ್ನಾಗಿಯೂ ಮಾರ್ಪಡಿಸದೆ ನಮ್ಮ ಬೆಲೆ ಟೈಪನ್ನೇ ಇಡಿಯಾಗಿ ಪೈಥಾನಿಗೆ ಪರಿಚಯಿಸುವುದು. ಸ್ಕ್ರಿಪ್ಟ್ ಬರೆಯುವವರ ಕೈಯಲ್ಲಿ ಇರುವುದು ಪೈಥಾನಿನ ವಸ್ತು, ಅದರೊಳಗೆ ಕೂತಿರುವುದು ಸಿ++ನ ಪೂರ್ಣಾಂಕ. ಕೂಡಿಸು ಎಂದರೆ ಕೂಡಿಸುವುದು ಎಂಜಿನ್ನೇ.

ನಾನು ಎರಡನೆಯದನ್ನು ಆರಿಸಿದೆ. ಅದಕ್ಕೆ ಬೂಸ್ಟ್ ಪೈಥಾನ್ ಎಂಬ ಲೈಬ್ರರಿ ಹಿಡಿದೆ. ಡೇವಿಡ್ ಅಬ್ರಹಾಮ್ಸ್ ಶುರು ಮಾಡಿ, ಬರ್ಕ್ಲಿ ಪ್ರಯೋಗಾಲಯದ ರಾಲ್ಫ್ ಗ್ರೋಸ್ ಕುನ್‌ಸ್ಟ್‌ಲೆವ್ ಜೊತೆಗೂಡಿ ಬೆಳೆಸಿದ ಲೈಬ್ರರಿ ಅದು. ಕುನ್‌ಸ್ಟ್‌ಲೆವ್ ಸ್ಫಟಿಕಗಳ ಒಳರಚನೆ ಅಳೆಯುವ ಪ್ರೋಗ್ರಾಮುಗಳಿಗೆ ಅದನ್ನು ಬಳಸುತ್ತಿದ್ದರು. ಹರಳಿನ ಅಣುಗಳಿಗೆಂದು ಬೆಳೆದ ಲೈಬ್ರರಿ ಬೈಕುಲ್ಲಾದಲ್ಲಿ ಪೈಸೆ ಹೊರಲು ಬಂತು.

ಇದರಲ್ಲಿ ಕನ್ವರ್ಟರ್ ಬರೆಯುವ ಕ್ರಮ ನನಗೆ ಬಹಳ ಹಿಡಿಸಿತು. ಎಂಜಿನ್ನಿನಿಂದ ಪೈಥಾನಿಗೆ ಹೋಗುವಾಗ ಒಂದೇ ಫಂಕ್ಷನ್ ಸಾಕು. ಪೈಥಾನಿನಿಂದ ಒಳಗೆ ಬರುವಾಗ ಮಾತ್ರ ಎರಡು ಬೇಕು. ಮೊದಲನೆಯದು ಬಂದ ವಸ್ತುವನ್ನು ನೋಡಿ, ಇದನ್ನು ಬೆಲೆ ಮಾಡಲು ಸಾಧ್ಯವೇ ಇಲ್ಲವೇ ಎಂದಷ್ಟೇ ಹೇಳಬೇಕು, ಏನನ್ನೂ ಮುಟ್ಟಬಾರದು. ಒಂದೇ ಹೆಸರಿನ ನಾಲ್ಕು ಫಂಕ್ಷನ್ ಇದ್ದರೆ, ಒಂದು ಒಪ್ಪುವವರೆಗೆ ಲೈಬ್ರರಿ ಒಂದೊಂದರ ಬಾಗಿಲಿಗೂ ಹೋಗಿ ಈ ಪ್ರಶ್ನೆ ಕೇಳುತ್ತದೆ. ಯಾವುದು ಒಪ್ಪಿತು ಎಂದು ತೀರ್ಮಾನವಾದ ಮೇಲೆಯೇ ಎರಡನೆಯ ಫಂಕ್ಷನ್ನಿಗೆ ಕರೆ. ಅದು ಮೊದಲೇ ಕಾದಿರಿಸಿದ ಮೆಮೊರಿಯ ಜಾಗದಲ್ಲಿ, ಹೊಸ ಜಾಗ ಕೇಳದೆ, ಬೆಲೆಯನ್ನು ಕಟ್ಟಿ ನಿಲ್ಲಿಸುತ್ತದೆ. ಪರೀಕ್ಷೆ ಬೇರೆ, ನಿರ್ಮಾಣ ಬೇರೆ.

ಹಾಗಾದರೆ ಮೊದಲನೆಯ ಫಂಕ್ಷನ್ ಯಾವುದಕ್ಕೆ ಹೂಂ ಅನ್ನಬೇಕು? ಇದೇ ಕೆಲಸದ ತಿರುಳು, ಉಳಿದದ್ದೆಲ್ಲ ಕೂಲಿ. ನಮ್ಮದೇ ಬೆಲೆ ಬಂದರೆ ಹೂಂ. ಡೆಸಿಮಲ್ ಬಂದರೆ ಹೂಂ. "172.35" ಎಂದು ಅಕ್ಷರಗಳಲ್ಲಿ ಬರೆದುಕೊಟ್ಟರೆ ಹೂಂ, ಏಕೆಂದರೆ ಬರೆದವರ ಮನಸ್ಸಿನಲ್ಲಿದ್ದದ್ದು ಅಷ್ಟೇ, ಅದಕ್ಕೆ ಬಾಲವಿಲ್ಲ. ಫ್ಲೋಟ್ ಬಂದರೆ ಇಲ್ಲ. ಪೂರ್ಣಾಂಕ ಬಂದರೂ ಇಲ್ಲ, ಏಕೆಂದರೆ 5 ಎಂದರೆ ಐದು ರೂಪಾಯಿಯೋ ಐದು ಪೈಸೆಯೋ ಎಂದು ಆ ಅಂಕಿ ತಾನಾಗಿ ಹೇಳುವುದಿಲ್ಲ. ಊಹಿಸುವ ಅಧಿಕಾರ ಕನ್ವರ್ಟರಿಗೆ ಇಲ್ಲ. ನಿಜ ಎಂಬರ್ಥದ ಟ್ರೂ ಕೂಡ ಪೈಥಾನಿನಲ್ಲಿ ಪೂರ್ಣಾಂಕದ ಕುಲದ್ದೇ, ಪೂರ್ಣಾಂಕವನ್ನು ಒಳಗೆ ಬಿಟ್ಟರೆ ಅದೂ 1 ಎಂದು ನುಸುಳುತ್ತದೆ. ಆಫೀಸಿನಲ್ಲಿ ಇದಕ್ಕೆ ವಿರೋಧ ಬಂತು. ಇಷ್ಟು ಬಿಗಿ ಮಾಡಿದರೆ ಸ್ಕ್ರಿಪ್ಟ್ ಬರೆಯುವವರಿಗೆ ಕಷ್ಟ, ಫ್ಲೋಟ್ ಬಂದರೆ ಎರಡು ದಶಮಾಂಶಕ್ಕೆ ಸರಿಮಾಡಿ ತೆಗೆದುಕೊಂಡರೆ ಆಯಿತಲ್ಲ ಎಂದರು. ಪೈಥಾನಿನವರೇ ಆಗ ಫ್ಲೋಟನ್ನು ಸೀದಾ ಡೆಸಿಮಲ್ ಮಾಡಲು ಬಿಡುತ್ತಿರಲಿಲ್ಲ, ಮೊದಲು ಅಕ್ಷರ ಮಾಡಿಕೊಂಡು ಬಾ ಎಂದು ಎರರ್ ಕೊಡುತ್ತಿದ್ದರು ಎಂದು ತೋರಿಸಿದೆ. ಅಣ್ಣನ ಮಾತು ಇನ್ನೂ ನೇರ: "ಎರರ್ ಬಂದ್ರೆ ನಾನು ಈಗ್ಲೇ ಸರಿ ಮಾಡ್ತೇನೆ. ತಪ್ಪು ಒಳಗೆ ಹೋದ್ರೆ ತಿಂಗಳ ಕೊನೆಗೆ ನಾನೇ ಹುಡುಕ್ಬೇಕು."

ಎರಡು ದಶಮಾಂಶಕ್ಕೆ ಸರಿಮಾಡುವ ಉಪಾಯ ಎಷ್ಟು ದಿನ ಬಾಳುತ್ತಿತ್ತು ಎಂಬುದಕ್ಕೆ 2008ರ ಆಗಸ್ಟ್ 29 ಉತ್ತರ ಕೊಟ್ಟಿತು. ಅಂದು ಎನ್‌ಎಸ್‌ಇಯಲ್ಲಿ ಡಾಲರ್-ರೂಪಾಯಿ ಫ್ಯೂಚರ್ಸ್ ಶುರುವಾಯಿತು. ಅಲ್ಲಿ ಬೆಲೆ ನಾಲ್ಕು ದಶಮಾಂಶ, ಮೆಟ್ಟಿಲು ಕಾಲು ಪೈಸೆ, ಎಂದರೆ 0.0025. ಎಕ್ಸ್‌ಚೇಂಜಿನಿಂದ ಬರುವ ಅಂಕಿಯನ್ನು ನೂರರಿಂದ ಅಲ್ಲ, ಒಂದು ಕೋಟಿಯಿಂದ ಭಾಗಿಸಬೇಕು. 43.7500 ರೂಪಾಯಿ ತಂತಿಯ ಮೇಲೆ ಬರುವುದು 437500000 ಎಂದು. ಷೇರಿನ ಲೆಕ್ಕದಲ್ಲಿ ಅದನ್ನು ಓದಿದರೆ ಒಂದು ಡಾಲರಿಗೆ ನಲವತ್ತಮೂರು ಮುಕ್ಕಾಲು ಲಕ್ಷ ರೂಪಾಯಿ! ಅಷ್ಟು ದೊಡ್ಡ ತಪ್ಪು ಯಾರಿಗಾದರೂ ಕಾಣುತ್ತದೆ. ಕಾಣದೇ ಹೋಗುವುದು 43.7525ನ್ನು 43.75 ಎಂದು ಸರಿಮಾಡಿಕೊಳ್ಳುವ ಕನ್ವರ್ಟರ್. ಸಾವಿರ ಡಾಲರಿನ ಒಂದು ಲಾಟಿಗೆ ಎರಡೂವರೆ ರೂಪಾಯಿ, ಸದ್ದಿಲ್ಲದೆ. ನಮ್ಮ ಟೈಪಿನಲ್ಲಿ ಪೂರ್ಣಾಂಕದ ಜೊತೆಗೆ ಎಷ್ಟರಿಂದ ಭಾಗಿಸಬೇಕು ಎಂಬ ಪ್ರಮಾಣವನ್ನೂ ಇಟ್ಟಿದ್ದೆವು. ಅದು ಬೆಲೆಯ ಜೊತೆಗೇ ಗಡಿ ದಾಟುತ್ತಿತ್ತು. ಕರೆನ್ಸಿಯ ಬೆಲೆಗೆ ಷೇರಿನ ಬೆಲೆ ಕೂಡಿಸಲು ಹೋದರೆ ಎಂಜಿನ್ ನಿರಾಕರಿಸುತ್ತಿತ್ತು.

ಬೆಲೆಯೊಂದೇ ಅಲ್ಲ. ಎಕ್ಸ್‌ಚೇಂಜಿನ ಸಂದೇಶದಲ್ಲಿ ಷೇರಿನ ಸಿಂಬಲಿಗೆ ಹತ್ತು ಅಕ್ಷರದ ಜಾಗ, ಸೀರೀಸಿಗೆ ಎರಡು. ಹೆಸರು ಚಿಕ್ಕದಾದರೆ ಉಳಿದ ಜಾಗಕ್ಕೆ ಖಾಲಿ ಸ್ಪೇಸ್ ತುಂಬಿರುತ್ತದೆ. ಅಣ್ಣನ ಹತ್ತಿರ ಕರ್ಣಾಟಕ ಬ್ಯಾಂಕಿನ ಷೇರು ಇದ್ದವು. ಮಂಗಳೂರಿನ ಬ್ಯಾಂಕು, ಊರಿನ ಅಭಿಮಾನ. ಎನ್‌ಎಸ್‌ಇಯಲ್ಲಿ ಅದರ ಸಿಂಬಲ್ ಇಂಗ್ಲಿಷಿನಲ್ಲಿ ಏಳು ಅಕ್ಷರ, ಕೆಟಿಕೆಬ್ಯಾಂಕ್. ಅವರು ಸ್ಕ್ರಿಪ್ಟಿನಲ್ಲಿ ಆ ಏಳು ಅಕ್ಷರ ಬರೆದು ಹುಡುಕಿದರೆ ಇಲ್ಲ ಎಂದು ಬರುತ್ತಿತ್ತು. ಎಂಜಿನ್ ಕೊಟ್ಟದ್ದು ಏಳು ಅಕ್ಷರ ಮತ್ತು ಮೂರು ಸ್ಪೇಸ್. ಪೈಥಾನಿಗೆ ಎರಡೂ ಬೇರೆ ಬೇರೆ. ಪರದೆಯ ಮೇಲೆ ಮಾತ್ರ ಎರಡೂ ಒಂದೇ ಥರ. ಹಳೆಯ ಸ್ಕ್ರಿಪ್ಟುಗಳಲ್ಲಿ ಕಂಡಕಂಡಲ್ಲಿ ಸ್ಪೇಸ್ ಕತ್ತರಿಸುವ ಸಾಲುಗಳಿದ್ದದ್ದು ಇದಕ್ಕೇ. ಸಿಂಬಲಿಗೂ ಒಂದು ಕನ್ವರ್ಟರ್ ಬರೆದೆ: ಹೊರಗೆ ಹೋಗುವಾಗ ಬಾಲದ ಸ್ಪೇಸ್ ಕಳಚಿ, ಒಳಗೆ ಬರುವಾಗ ತುಂಬಿ, ಹನ್ನೊಂದನೆಯ ಅಕ್ಷರ ಕಂಡರೆ ತಡೆದು ನಿಲ್ಲಿಸುವಂತೆ. ಆ ಮೇಲೆ ಸ್ಕ್ರಿಪ್ಟುಗಳಿಂದ ನೂರಾರು ಸಾಲು ಅಳಿಸಿದ್ದು ನನ್ನ ವೃತ್ತಿಯ ಅತಿ ಸಂತೋಷದ ಮಧ್ಯಾಹ್ನಗಳಲ್ಲಿ ಒಂದು.

ಸಮಯದ ಟೈಪು ಇನ್ನೂ ವಿಚಿತ್ರ. ಜಗತ್ತಿನ ಬಹುಪಾಲು ಕಂಪ್ಯೂಟರುಗಳು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತವೆ. ಎನ್‌ಎಸ್‌ಇಯ ಸಂದೇಶಗಳು 1980ರ ಜನವರಿ 1ರಿಂದ. ನಡುವಿನ ಅಂತರ 315532800 ಸೆಕೆಂಡು. ಈ ಸಂಖ್ಯೆ ನನಗೆ ಈಗಲೂ ಬಾಯಿಪಾಠ. ಇದನ್ನು ಕೂಡಿಸಿದರೆ ಸಾಲದು. ಎಕ್ಸ್‌ಚೇಂಜ್ ಎಣಿಸುವುದು ಭಾರತದ ಗೋಡೆ ಗಡಿಯಾರದ ಸೆಕೆಂಡು. ಅದನ್ನು ಗ್ರೀನಿಚ್ ಸಮಯವೆಂದು ತಿಳಿದು ಭಾರತೀಯ ಸಮಯಕ್ಕೆ ತಿರುಗಿಸಿದರೆ ಇನ್ನೂ ಐದೂವರೆ ಗಂಟೆ ಸೇರಿಕೊಂಡು, ಮಧ್ಯಾಹ್ನ 3:30ಕ್ಕೆ ಮುಚ್ಚುವ ಪೇಟೆಯ ಕೊನೆಯ ವ್ಯವಹಾರ ರಾತ್ರಿ 9 ಗಂಟೆಗೆ ನಡೆದಂತಾಗುತ್ತದೆ. ಪ್ರತಿ ಸ್ಕ್ರಿಪ್ಟಿನಲ್ಲೂ ಯಾರಾದರೊಬ್ಬರು 19800 ಸೆಕೆಂಡು ಕಳೆದೋ ಕೂಡಿಸಿಯೋ ಇದನ್ನು ಸರಿದೂಗಿಸಿರುತ್ತಿದ್ದರು. ಅದೆಲ್ಲವನ್ನೂ ಗಡಿಯ ಒಂದೇ ಕನ್ವರ್ಟರಿಗೆ ತಂದೆ. ಒಮ್ಮೆ ಅಲ್ಲಿ ಸರಿಯಾದ ಮೇಲೆ ಸ್ಕ್ರಿಪ್ಟ್ ಬರೆಯುವವರಿಗೆ 1980 ಎಂಬ ವರ್ಷದ ಗೊಡವೆಯೇ ಇಲ್ಲ.

ಇದೆಲ್ಲ ಮೌಲ್ಯ ದಾಟಿಸುವ ಮಾತಾಯಿತು. ಒಡೆತನ ದಾಟಿಸುವುದು ಬೇರೆಯೇ ಕಷ್ಟ, ಮತ್ತು ನನಗೆ ನಿದ್ದೆ ಕೆಡಿಸಿದ್ದು ಇದೇ. ಒಂದು ಷೇರಿಗೆ ಯಾವ ಬೆಲೆಗೆ ಎಷ್ಟು ಮಂದಿ ಕೊಳ್ಳಲು, ಮಾರಲು ಕಾದಿದ್ದಾರೆ ಎಂದು ತೋರಿಸುವ ಐದು ಸಾಲಿನ ಪಟ್ಟಿಗೆ ಪೇಟೆಯವರು ಡೆಪ್ತ್ ಎನ್ನುತ್ತಾರೆ. ಎಂಜಿನ್ನಿನಲ್ಲಿ ಅದು ಒಂದೇ ಜಾಗದಲ್ಲಿ ಕೂತು, ಹೊಸ ಬೆಲೆ ಬಂದಂತೆ ಅಲ್ಲೇ ಬದಲಾಗುತ್ತಿರುತ್ತದೆ. ಹಿಂದಿನ ಸ್ವಿಗ್ ಜೋಡಣೆ ಪೈಥಾನಿಗೆ ಆ ಜಾಗದ ವಿಳಾಸವನ್ನೇ ಕೊಡುತ್ತಿತ್ತು. ಸ್ಕ್ರಿಪ್ಟ್ ಬರೆದವರು 11 ಗಂಟೆಯ ಡೆಪ್ತನ್ನು ಒಂದು ಹೆಸರಿನಲ್ಲಿ ಎತ್ತಿಟ್ಟು, 12 ಗಂಟೆಯದರ ಜೊತೆ ಹೋಲಿಸಿದರೆ ಎರಡೂ ತದ್ರೂಪ. ಎತ್ತಿಟ್ಟದ್ದು ಬೆಲೆಯನ್ನಲ್ಲ, ವಿಳಾಸವನ್ನು. ಇನ್ನೂ ಕೆಟ್ಟ ಸಂದರ್ಭ: ಎಂಜಿನ್ ಆ ಷೇರನ್ನು ಪಟ್ಟಿಯಿಂದ ತೆಗೆದು ಮೆಮೊರಿ ಬಿಟ್ಟುಕೊಟ್ಟಿದೆ, ಪೈಥಾನ್ ಇನ್ನೂ ಅದೇ ವಿಳಾಸವನ್ನು ಹಿಡಿದಿದೆ. ಮುಟ್ಟಿದರೆ ಇಡೀ ಪ್ರೋಗ್ರಾಂ ಕುಸಿಯುತ್ತದೆ. ಅದೂ ಪೇಟೆ ಭರ್ತಿಯಲ್ಲಿರುವಾಗ.

ಪೈಥಾನಿನ ಸಿ ಕಡೆಯ ಬಾಗಿಲಲ್ಲೂ ಇಂಥ ಸೂಕ್ಷ್ಮಗಳಿವೆ. ಒಂದು ಲಿಸ್ಟಿನಿಂದ ಒಂದು ವಿಧಾನದಲ್ಲಿ ವಸ್ತು ಕೇಳಿದರೆ ಅದು ಎರವಲು ಸಿಗುತ್ತದೆ, ಹಿಡಿದವರ ಎಣಿಕೆ ಏರುವುದಿಲ್ಲ. ಅದೇ ಲಿಸ್ಟನ್ನು ಇನ್ನೊಂದು ವಿಧಾನದಲ್ಲಿ ಕೇಳಿದರೆ ಎಣಿಕೆ ಏರಿಸಿ ನಮ್ಮದೇ ಎಂದು ಕೊಡುತ್ತದೆ, ಮುಗಿದ ಮೇಲೆ ಇಳಿಸುವ ಹೊಣೆ ನಮ್ಮದು. ಟ್ಯೂಪಲ್ಲಿಗೆ ಒಂದು ವಸ್ತು ಹಾಕಿದರೆ ನಮ್ಮ ಕೈಲಿದ್ದ ಹಕ್ಕನ್ನೇ ಅದು ತೆಗೆದುಕೊಂಡುಬಿಡುತ್ತದೆ. ಒಂದು ಎಣಿಕೆ ಹೆಚ್ಚಾದರೆ ಮೆಮೊರಿ ಸೋರುತ್ತದೆ, ಒಂದು ಕಡಿಮೆಯಾದರೆ ಬದುಕಿರುವ ವಸ್ತು ಸಾಯುತ್ತದೆ. ಡೆಪ್ತಿನ ವಿಷಯದಲ್ಲಿ ನಾನು ಮಾಡಿದ್ದು ಸರಳ: ಕೇಳಿದ ಕ್ಷಣದ ಪ್ರತಿ ಮಾಡಿಕೊಡುವುದು. ಸ್ಕ್ರಿಪ್ಟಿನ ಕೈಯಲ್ಲಿರುವುದು ಆ ಕ್ಷಣದ ಡೆಪ್ತ್, ಇನ್ನು ಬದಲಾಗುವುದಿಲ್ಲ. ಸ್ವಲ್ಪ ಮೆಮೊರಿ ಹೆಚ್ಚು ಹೋಗುತ್ತದೆ, ಹೋಗಲಿ. ಮನುಷ್ಯರು ಒಂದು ಅಂಕಿಯನ್ನು ಬರೆದಿಟ್ಟುಕೊಂಡರೆ ಅದು ಬರೆದ ಹಾಗೇ ಇರುತ್ತದೆಂದು ನಂಬುತ್ತಾರೆ, ಆ ನಂಬಿಕೆಗೆ ಬೆಲೆಯಿದೆ.

ಪ್ರತಿ ಮಾಡುವುದು ಎಲ್ಲ ಕಡೆ ನಡೆಯುವುದಿಲ್ಲ ಎಂದು ಕಲಿತದ್ದು ಪವಾಯಿಯಲ್ಲಿ. 2011ರ ಡಿಸೆಂಬರಿನಲ್ಲಿ ಐಐಟಿ ಬಾಂಬೆಯಲ್ಲಿ ಸೈಪೈ ಇಂಡಿಯಾ ಸಮ್ಮೇಳನ ನಡೆದಾಗ ಹೋಗಿದ್ದೆ. ಅಲ್ಲಿನ ಏರೋಸ್ಪೇಸ್ ವಿಭಾಗದ ಪ್ರಾಧ್ಯಾಪಕ ಪ್ರಭು ರಾಮಚಂದ್ರನ್ ಅವರ ಮಾಯಾವಿ ಎಂಬ ಸಾಫ್ಟ್‌ವೇರಿನ ಹೆಸರು ಮೊದಲೇ ಕೇಳಿದ್ದೆ. ಮೂರು ಆಯಾಮದ ಚಿತ್ರ ಬಿಡಿಸುವ ವಿಟಿಕೆ ಎಂಬ ಭಾರಿ ಸಿ++ ಲೈಬ್ರರಿಯನ್ನು ಪೈಥಾನಿನಲ್ಲಿ ಸುಲಭವಾಗಿ ಬಳಸುವಂತೆ ಮಾಡಿದ ಸಾಧನೆ ಅದು. ಅದರ ಟಿವಿಟಿಕೆ ಭಾಗ ವಿಟಿಕೆಯ ಅರೇಗಳನ್ನೂ ಪೈಥಾನ್ ಕಡೆಯ ನಂಪೈ ಅರೇಗಳನ್ನೂ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಲಕ್ಷಾಂತರ ಬಿಂದುಗಳ ಗಾಳಿಯ ಹರಿವನ್ನು ಒಂದೊಂದೇ ಅಂಕಿಯಾಗಿ ಪೈಥಾನ್ ವಸ್ತು ಮಾಡುತ್ತ ಕೂತರೆ ಚಿತ್ರ ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಅಲ್ಲಿ ಸರಿಯಾದ ದಾರಿ ದಾಟಿಸದೇ ಇರುವುದು: ಒಂದೇ ಮೆಮೊರಿಯನ್ನು ಎರಡೂ ಕಡೆಯವರು ನೋಡುವುದು, ಅದು ಯಾವ ಜಾತಿಯ ಅಂಕಿ, ಎಷ್ಟೆಷ್ಟು ದೂರಕ್ಕೆ ಒಂದು ಎಂಬ ವಿವರವನ್ನಷ್ಟೇ ಕೊಟ್ಟುಕೊಳ್ಳುವುದು. ವಾಪಸು ಬಂದು ನಮ್ಮ ಇಡೀ ದಿನದ ಬೆಲೆಗಳ ಇತಿಹಾಸವನ್ನು ಹಾಗೇ ಮಾಡಿದೆ. ಪೈಸೆಯ 64 ಬಿಟ್ ಪೂರ್ಣಾಂಕಗಳ ಸಾಲು, ಓದಲು ಮಾತ್ರ ಅನುಮತಿ, ತಿದ್ದಲು ಇಲ್ಲ.

ಅಣ್ಣನ ಸ್ಕ್ರಿಪ್ಟು ಅಷ್ಟರಲ್ಲಿ ದೊಡ್ಡದಾಗಿತ್ತು. ರಾತ್ರಿ ಬಿಲ್ಲು ತಯಾರಾದ ಮೇಲೆ ಪ್ರತಿ ಗಿರಾಕಿಯ ವಹಿವಾಟು, ದಲ್ಲಾಳಿ ಶುಲ್ಕ, ಎಸ್‌ಟಿಟಿ ಎಲ್ಲವನ್ನೂ ಬೇರೆಯಾಗಿ ಲೆಕ್ಕ ಹಾಕಿ, ಎಂಜಿನ್ನಿನದರ ಜೊತೆ ತಾಳೆ ನೋಡುತ್ತಿತ್ತು. ಅದರಲ್ಲಿ ಸುಂದರವಾದದ್ದೇನೂ ಇರಲಿಲ್ಲ. ಉದ್ದುದ್ದ ಹೆಸರುಗಳು, ಖಾತೆ ಪುಸ್ತಕದ ಕ್ರಮದಲ್ಲಿ ಒಂದರ ಕೆಳಗೊಂದು ಸಾಲು. ಆದರೆ ಅದರ ಮೊತ್ತ ಒಂದು ಪೈಸೆಯೂ ಆಚೀಚೆ ಆಗುತ್ತಿರಲಿಲ್ಲ. ಅವರು ಪೈಸೆಯ ಒಳಗುಟ್ಟು, ಪ್ರಮಾಣ, ಎಣಿಕೆ, 1980 ಇದ್ಯಾವುದನ್ನೂ ಕಲಿಯಬೇಕಾಗಿ ಬರಲಿಲ್ಲ. ಬೆಲೆಗೆ ಬೆಲೆ ಕೂಡಿಸಿ ಎಂದು ಬರೆದರು, ಕೂಡಿತು. ಅವರು ನಿವೃತ್ತರಾಗಿ ಊರಿಗೆ ಹೋಗುವ ಮುನ್ನ ಆ ಸ್ಕ್ರಿಪ್ಟನ್ನು ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿ ನಂತರದವರಿಗೆ ಒಪ್ಪಿಸಿದರು. ಬೈಂಡ್ ಮಾಡಿದ್ದು ನಮ್ಮ ಕೆಳಗಿನ ಪ್ರೆಸ್ಸಿನವರೇ.

ಪೈಥಾನ್ 2ಕ್ಕೆ 2020ರ ಜನವರಿ 1ರ ಗಡುವು ಬಂದಾಗ ನಾನು ಆ ಕಂಪನಿ ಬಿಟ್ಟಾಗಿತ್ತು, ಆದರೂ ಸಲಹೆಗೆ ಕರೆದರು. ಬೂಸ್ಟ್ ಪೈಥಾನಿನ ಜಾಗಕ್ಕೆ ಪೈಬೈಂಡ್11 ತರುವ ಯೋಚನೆ. ವೆಂಜೆಲ್ ಯಾಕೋಬ್ 2015ರಲ್ಲಿ ಹೊರತಂದ ಈ ಲೈಬ್ರರಿಯಲ್ಲಿ ಪ್ರತಿ ಟೈಪಿಗೆ ಒಂದು ಕ್ಯಾಸ್ಟರ್, ಅದರಲ್ಲಿ ಒಳಗೆ ತರಲು ಲೋಡ್, ಹೊರಗೆ ಕಳಿಸಲು ಕ್ಯಾಸ್ಟ್ ಎಂಬ ಎರಡು ಫಂಕ್ಷನ್. ಬರೆಯುವ ಸಾಲು ಕಡಿಮೆ, ಕಂಪೈಲ್ ಬೇಗ. ಹೂಂ, ಇಲ್ಲ ಅನ್ನುವ ಪ್ರಶ್ನೆಗಳು ಮಾತ್ರ ಅವೇ. ಆ ಬದಲಾವಣೆಯಲ್ಲಿ ಒಂದು ವಿಷಯಕ್ಕೆ ನಾನು ಬಹಳ ಒತ್ತಾಯ ಮಾಡಿದೆ. ಎಸ್‌ಟಿಟಿಯನ್ನು ಹತ್ತಿರದ ರೂಪಾಯಿಗೆ ಸರಿಮಾಡಬೇಕು, ಐವತ್ತು ಪೈಸೆ ಇದ್ದರೆ ಮೇಲಿನ ರೂಪಾಯಿಗೆ. 20,500 ರೂಪಾಯಿಯ ಡೆಲಿವರಿ ವಹಿವಾಟಿಗೆ ಸಾವಿರಕ್ಕೆ ಒಂದರಂತೆ 20.50, ಕಟ್ಟಬೇಕಾದ್ದು 21. ಪೈಥಾನ್ 2ರ ರೌಂಡ್ ಫಂಕ್ಷನ್ 21 ಕೊಡುತ್ತಿತ್ತು, ಪೈಥಾನ್ 3ರದು ಹತ್ತಿರದ ಸಮಸಂಖ್ಯೆಗೆ ಹೋಗಿ 20 ಕೊಡುತ್ತದೆ. ಎರಡಕ್ಕೂ ತಮ್ಮ ತಮ್ಮ ಕಾರಣಗಳಿವೆ, ಆದರೆ ತೆರಿಗೆಯ ನಿಯಮ ಒಂದೇ. ಹಾಗಾಗಿ ಸರಿಮಾಡುವ ಕೆಲಸ ನಮ್ಮ ಟೈಪಿನ ಒಳಗೇ ಇರಬೇಕು, ಪೈಥಾನಿನ ರೌಂಡನ್ನು ಬೆಲೆಯ ಮೇಲೆ ಬಳಸಿದರೆ ಅದೂ ನಮ್ಮ ನಿಯಮವನ್ನೇ ಕರೆಯಬೇಕು ಎಂದೆ. ಹಾಗೇ ಮಾಡಿದರು. ಅಣ್ಣನ ಹಳೆಯ ಸ್ಕ್ರಿಪ್ಟಿನಲ್ಲಿ ಪ್ರಿಂಟ್ ಸಾಲುಗಳಿಗೆ ಆವರಣ ಹಾಕಬೇಕಾಯಿತು, ಲೆಕ್ಕದ ಸಾಲುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ.

2024ರ ಜೂನ್‌ನಲ್ಲಿ ಎನ್‌ಎಸ್‌ಇ 250 ರೂಪಾಯಿಗಿಂತ ಕೆಳಗಿನ ಷೇರುಗಳಿಗೆ ಐದು ಪೈಸೆಯ ಮೆಟ್ಟಿಲು ತೆಗೆದು ಒಂದು ಪೈಸೆ ಮಾಡಿತು. ಈಗ ಆ ಗಡಿ ನೋಡಿಕೊಳ್ಳುವ ಹುಡುಗಿ ಫೋನ್ ಮಾಡಿದ್ದಳು. ಬೆಲೆ ಟೈಪನ್ನು ಬದಲಿಸಬೇಕೇ, ಕ್ಯಾಸ್ಟರಿನಲ್ಲಿ ಏನಾದರೂ ಇದೆಯೇ ಎಂದು ಕೇಳಿದಳು. ಮೆಟ್ಟಿಲು ಬೆಲೆಯ ಗುಣವಲ್ಲ, ಪೇಟೆಯ ನಿಯಮ. ಅದನ್ನು ಟೈಪಿನೊಳಗೆ ಇಟ್ಟಿಲ್ಲ, ಸ್ಕ್ರಿಪ್ಟಿನ ಪಟ್ಟಿಯಲ್ಲಿ ಇಟ್ಟಿದೆ, ಅಲ್ಲಿ ನೋಡು ಎಂದೆ. ಸ್ವಲ್ಪ ಹೊತ್ತಿನ ಮೇಲೆ ಸಿಕ್ಕಿತು ಎಂದು ಮೆಸೇಜ್ ಹಾಕಿದಳು. 250ಕ್ಕಿಂತ ಕಡಿಮೆ ಇದ್ದರೆ "0.01" ಎಂದು, ಅಕ್ಷರಗಳಲ್ಲೇ, ಒಂದು ಸಾಲು ಸೇರಿಸಿದ್ದಳು.